ಚಿನ್ನದ ಬಣ್ಣದ ಕೀಲು

೧೧ ಜನವರಿ ೨೦೦೮

ಬೆಳಿಗ್ಗೆ ಗೋದಾ ಅಡುಗೆಮನೆಯ ಎತ್ತರದ ಸ್ಟೂಲಿನಿಂದ ಎದ್ದಾಗ ಒಂದು ಸದ್ದು ಬಂತು. ಹೊಸ ಚರ್ಮದ ಚಪ್ಪಲಿ ಬಾಗುವಾಗ ಬರುವಂಥದು; ಸಣ್ಣದು, ಒಣಗಿದ್ದು. ನಾನು ಪೇಪರಿನ ಹಿಂದೆ ಇದ್ದೆ. ಅವಳು ಮತ್ತೆ ಕುಳಿತು ಮತ್ತೆ ಎದ್ದಳು. ಈ ಸಲ ಬರಲಿಲ್ಲ.

"ಸ್ಟೂಲು," ಎಂದಳು. ನಾನಿನ್ನೂ ಏನೂ ಕೇಳಿರಲಿಲ್ಲ.

ಅವಳು ಶಾಲೆಗೆ ಹೊರಟ ಮೇಲೆ ಸ್ಟೂಲನ್ನು ಅಲುಗಾಡಿಸಿ ನೋಡಿದೆ. ನಾಲ್ಕು ಕಾಲೂ ಬಿಗಿಯಾಗಿವೆ. ನಾನೇ ಅದರ ಮೇಲೆ ಕುಳಿತು ಎದ್ದೆ. ಸ್ಟೂಲಿಗೆ ಸದ್ದಿಲ್ಲ.

೧೨ ಜನವರಿ

ಬರೆದಿಡುವುದು ಒಳ್ಳೆಯದು. ನಮ್ಮ ಅದಿರಿನ ಪ್ಲಾಂಟಿನಲ್ಲಿ ಸದ್ದು ಮೊದಲು ಬಂದ ದಿನ ಯಾರಿಗೂ ನೆನಪಿರುವುದಿಲ್ಲ. ಯಂತ್ರ ನಿಂತ ದಿನ ಮಾತ್ರ ನೆನಪಿರುತ್ತದೆ.

ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಅವಳ ಬಲ ಸೊಂಟದ ಕೀಲು ತೆಗೆದು ಕೃತಕ ಕೀಲು ಹಾಕಿದರು. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಅದು ಒಳಗೇ ಕುಸಿದಿತ್ತು. ಆಗ ಸರ್ಜನ್ ಆ ತಲೆಯ ಜಾಗಕ್ಕೆ ಹಾಕುವ ಎರಡು ಚೆಂಡು ಮೇಜಿನ ಮೇಲೆ ಇಟ್ಟರು. ಒಂದು ಉಕ್ಕಿನ ಬಣ್ಣದ್ದು, ಇನ್ನೊಂದು ಚಿನ್ನದ ಬಣ್ಣದ್ದು. ಎರಡನೆಯದರಲ್ಲಿ ಚಿನ್ನವಿಲ್ಲ. ಲೋಹದ ಮೇಲೆ ಒಂದು ಗಟ್ಟಿ ಲೇಪ, ಕೂದಲಿಗಿಂತ ಎಷ್ಟೋ ತೆಳುವಾದದ್ದು. ಅದು ಕೂರುವ ಪ್ಲಾಸ್ಟಿಕ್ ಬಟ್ಟಲು ಇದರಿಂದ ಕಡಿಮೆ ಸವೆಯುತ್ತದೆ ಎಂದರು.

ಗೋದಾ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದಳು. "ಬಂಗಾರದ್ದ ಇರಲಿ ಡಾಕ್ಟ್ರ. ಲಗ್ನ ಆದಮ್ಯಾಲೆ ಇವರು ಒಂದು ಗುಂಜಿ ಕೊಡಿಸಿಲ್ಲ. ಒಳಗರ ಇರಲಿ."

ಸರ್ಜನ್ ಜೋರಾಗಿ ನಕ್ಕರು. ನಾನು ಲೇಪದ ದಪ್ಪ ಎಷ್ಟು ಎಂದು ಕೇಳಿದೆ.

೧೫ ಜನವರಿ

ಇಂದು ಪ್ಲಾಂಟಿನಲ್ಲಿ ಒಂದು ಹೈಡ್ರಾಲಿಕ್ ರಾಡನ್ನು ಬಿಚ್ಚಿಸಿದೆ. ಕ್ರೋಮ್ ಲೇಪದ್ದು, ಒಂದು ಕಡೆ ಲೇಪ ಎದ್ದಿತ್ತು. ಸಂಡೂರಿನ ಈ ಗುಡ್ಡದಲ್ಲಿ ಅದಿರು ಒಡೆಯುವ ಯಂತ್ರಗಳನ್ನು ನೋಡಿಕೊಳ್ಳಲು ಬಂದಾಗಿನಿಂದ ಇಂಥವನ್ನು ಬಹಳ ನೋಡಿದ್ದೇನೆ. ಆದರೂ ಇಂದು ಕೈಯಲ್ಲಿ ಹಿಡಿದುಕೊಂಡು ಹೆಚ್ಚು ಹೊತ್ತು ನಿಂತೆ.

ಜನ ಲೇಪ ಸವೆಯುತ್ತದೆ ಎಂದುಕೊಳ್ಳುತ್ತಾರೆ. ಹಾಗೆ ಸವೆದರೆ ಚಿಂತೆಯಿಲ್ಲ. ಲೇಪ ಏಳುತ್ತದೆ. ವರ್ಷಗಟ್ಟಲೆ ಕನ್ನಡಿಯಂತೆ ಇದ್ದು, ಒಂದು ದಿನ ಒಂದು ಅಂಚಿನಲ್ಲಿ ಮೀನಿನ ಹುರುಪೆಯಂತೆ ಏಳುತ್ತದೆ. ಎದ್ದ ಚೂರು ಎಲ್ಲಿಗೂ ಹೋಗುವುದಿಲ್ಲ. ಎರಡು ಮೈಗಳ ನಡುವೆ ಸಿಕ್ಕಿಕೊಂಡು ಎರಡನ್ನೂ ಕೊರೆಯುತ್ತದೆ. ಗಟ್ಟಿಯಾಗಿರಲಿ ಎಂದು ಹಾಕಿದ್ದು. ಆ ಗಟ್ಟಿತನವೇ ಆಮೇಲೆ ಕೊರೆಯುವ ಕೆಲಸ ಮಾಡುತ್ತದೆ.

ಫೋರ್‌ಮನ್ ಎರ್ರಿಯಪ್ಪ ಹಿಂದೆ ನಿಂತಿದ್ದ. "ಸಾರ್, ಸ್ಕ್ರ್ಯಾಪಿಗೆ ಹಾಕಾದೇನ್ ಸಾರ್, ಇಲ್ಲಾ ಪೂಜೆ ಮಾಡಾದೇನ್?"

ರಾಡನ್ನು ಅವನ ಕೈಗೆ ಕೊಟ್ಟೆ.

೨೦ ಜನವರಿ

ಭಾನುವಾರ. ಮಠದಿಂದ ನಡೆದುಕೊಂಡು ಬರುವಾಗ ಮತ್ತೆ ಆ ಸದ್ದು, ಈ ಸಲ ನಡಿಗೆಯ ನಡುವೆ. ಅವಳ ಪಕ್ಕದಲ್ಲಿ ಬರುತ್ತಿದ್ದ ಹೆಂಗಸಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಮಧ್ಯಾಹ್ನ ಗೋದಾಳನ್ನು ಕುರ್ಚಿಯಲ್ಲಿ ಕೂರಿಸಿ ನನ್ನ ಉದ್ದನೆಯ ಸ್ಕ್ರೂಡ್ರೈವರ್ ತಂದೆ. ಬೇರಿಂಗಿನ ಒಳಗನ್ನು ಕೇಳಲು ನಮ್ಮಲ್ಲಿ ಎಲ್ಲರೂ ಮಾಡುವುದು ಇದನ್ನೇ: ತುದಿಯನ್ನು ಬೇರಿಂಗಿನ ಮನೆಗೆ, ಅಂದರೆ ಅದು ಕೂತಿರುವ ಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು. ಉಕ್ಕು ಸುಳ್ಳು ಹೇಳುವುದಿಲ್ಲ.

"ಇದೇನ್ರೀ ಇದು?"

"ಕಾಲು ಮೆಲ್ಲಕ ಮುಂದ ಹಿಂದ ಮಾಡು."

"ನಾನೇನ್ ನಿಮ್ಮ ಕ್ರಷರ್ ಆದೆನ? ಗ್ರೀಸ್ ಡಬ್ಬಿನೂ ತರ್ರಿ ಹಂಗಾರ."

ಸೊಂಟದ ಹೊರಮೂಳೆಯ ಮೇಲೆ, ಸೀರೆಯ ನೆರಿಗೆಯ ಮೇಲಿಂದಲೇ ತುದಿ ಇಟ್ಟೆ. ಅವಳಿಗೆ ಕಚಗುಳಿಯಾಗಿ ನಗತೊಡಗಿದಳು. ಆ ನಗು ಉಕ್ಕಿನ ಮೂಲಕ ಕಿವಿಗೆ ಬಂತು. ಬೇರೆ ಏನೂ ಕೇಳಿಸಲಿಲ್ಲ. ಸುಮ್ಮನಿರು ಎಂದು ಗದರಿದೆ. ಸುಮ್ಮನಾದಳು. ಆಗ ಏನೋ ಕೇಳಿಸಿತು. ಬಹಳ ಕೆಳಗೆ, ಮರಳು ಕದಲಿದಂತೆ. ಅದು ರಕ್ತದ್ದೂ ಇರಬಹುದು.

೩ ಫೆಬ್ರವರಿ

ಸದ್ದು ಬಂದ ಬೇರಿಂಗನ್ನು ಓಡಿಸಬಾರದು. ಇದು ನಮ್ಮ ಪ್ಲಾಂಟಿನ ಮೊದಲ ನಿಯಮ. ನಾನೇ ಗೋಡೆಯ ಮೇಲೆ ಬರೆಸಿದ್ದು. ಓಡಿಸಿದರೆ ಕೆಡುವುದು ಬೇರಿಂಗ್ ಒಂದೇ ಅಲ್ಲ, ಅದರ ಮನೆಯೂ ಕೆಡುತ್ತದೆ, ಅದರೊಳಗೆ ತಿರುಗುವ ದಂಡವೂ ಕೆಡುತ್ತದೆ.

ಗೋದಾಳಿಗೆ ದೀರ್ಘ ರಜೆ ಹಾಕಲು ಹೇಳಿದೆ. ಅವಳು ಪಾಪಿನಾಯಕನಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಬಸ್ಸಿನ ಮೊದಲ ಮೆಟ್ಟಿಲು ಅವಳ ಮೊಣಕಾಲಿಗಿಂತ ಎತ್ತರ. ಹಲಗೆಯ ಮುಂದೆ ದಿನವಿಡೀ ನಿಲ್ಲುವುದು. ಅದಿರಿನ ಲಾರಿಗಳಿಂದ ಮುರಿದ ರಸ್ತೆಯಲ್ಲಿ ಬಸ್ಸಿನ ಕುಲುಕು. ಇದನ್ನೆಲ್ಲ ಅವಳಿಗೆ ವಿವರಿಸಿದೆ.

"ಎಷ್ಟು ದಿವಸ?" ಎಂದಳು.

"ಸದ್ದು ನಿಲ್ಲೂತನಕ."

ಅವಳು ಒಪ್ಪಿದಳು. ಒಪ್ಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ ಎಂಬುದನ್ನು ಗಮನಿಸಿದೆ. ಎಚ್ಚರ ನನ್ನೊಬ್ಬನದೇ ಅಲ್ಲ.

೫ ಫೆಬ್ರವರಿ

ಶಾಲೆಯಲ್ಲಿ ಅವಳ ಜೊತೆ ಹಿಂದಿ ಕಲಿಸುವ ಪಂಪಮ್ಮ ಸಂಜೆ ಬಂದರು. ಗಟ್ಟಿ ಧ್ವನಿಯ ಹೆಂಗಸು. ಅವರು ಬಂದರೆ ಮನೆಯ ಪಾತ್ರೆಗಳೂ ಎಚ್ಚರಾಗುತ್ತವೆ.

"ಏನ್ರೀ ರಾಯರ, ನಮ್ ಗೋದಕ್ಕನ್ನ ಶೋಕೇಸಿನಾಗ ಇಡಾಕ ಹೊಂಟೀರಂತ?"

"ಸ್ವಲ್ಪ ದಿನ," ಎಂದೆ.

"ಬಂಗಾರ ಅಂತ ಗೊತ್ತಾದಮ್ಯಾಲೆ ಲಾಕರಿಗೆ ಹಾಕಾದು ಬಿಟ್ಟು ಶೋಕೇಸ್ ಯಾಕ? ಅಲ್ಲಾ, ಎಂಟನೇತ್ತೆ ಹುಡುಗ್ರಿಗೆ ಗಣಿತ ಯಾರ್ ಹೇಳ್ಬೇಕು, ನಾನಾ? ನನಿಗೆ ಮಗ್ಗಿ ಹದಿಮೂರರ ಮ್ಯಾಲೆ ಬರಂಗಿಲ್ಲ."

ಗೋದಾ ನಕ್ಕಳು, ಎದ್ದು ಚಹಾ ಮಾಡಲು ಹೊರಟಳು. ನಾನು ಕೈ ಅಡ್ಡ ಹಿಡಿದು, ನಾನೇ ಮಾಡಿದೆ. ಸಕ್ಕರೆ ಹೆಚ್ಚಾಯಿತು ಎಂದು ಪಂಪಮ್ಮ ಇಡೀ ಓಣಿಗೆ ಕೇಳುವಂತೆ ಹೇಳಿದರು.

೧೨ ಫೆಬ್ರವರಿ

ಇಲ್ಲಿಯೇ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಬೆಳಕಿಗೆ ಹಿಡಿದು, ಕೀಲು ಕುಳಿತ ಜಾಗದಲ್ಲೇ ಇದೆ, ಮುರಿದಿಲ್ಲ, ಸಡಿಲಾಗಿಲ್ಲ ಎಂದರು. ಲೇಪ ಕಾಣಿಸುತ್ತದೆಯೇ ಎಂದು ಕೇಳಿದೆ. ಎಕ್ಸ್‌ರೇಯಲ್ಲಿ ಲೇಪ ಕಾಣುವುದಿಲ್ಲ.

"ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿದವ್ರನ್ನ ಒಮ್ಮೆ ಕಂಡು ಬರ್ರಿ. ಹಳೇ ಫಿಲ್ಮು ಅವರ ಹತ್ರ ಇರ್ತಾವು, ಹೋಲಿಸಿ ನೋಡ್ತಾರ."

ಮಾರ್ಚ್ ಮುಗಿದ ಮೇಲೆ ಹೋಗುವುದು ಎಂದು ತೀರ್ಮಾನಿಸಿದೆ. ವರ್ಷಾಂತ್ಯದ ಅದಿರಿನ ಡಿಸ್ಪ್ಯಾಚ್ ಇದೆ. ಚೀನಾದವರು ಕಲ್ಲು ಮಣ್ಣು ಎಂದು ನೋಡದೆ ಕೊಳ್ಳುತ್ತಿದ್ದಾರೆ. ಯಂತ್ರಗಳಿಗೆ ಉಸಿರು ಬಿಡಲು ಸಮಯವಿಲ್ಲ.

೨೬ ಫೆಬ್ರವರಿ

ಮನೆಯನ್ನು ಬದಲಾಯಿಸಿದ್ದೇನೆ. ಅವಳಿಗೆ ಬೇಕಾದ್ದೆಲ್ಲ ಸೊಂಟದ ಎತ್ತರಕ್ಕೆ ಬಂದಿದೆ. ತುಳಸಿಯ ಕುಂಡವನ್ನು ಹಿತ್ತಿಲಿನಿಂದ ಎತ್ತಿ ಬಚ್ಚಲ ಬಾಗಿಲ ಪಕ್ಕದ ಕಟ್ಟೆಗೆ ತಂದೆ, ಮೆಟ್ಟಿಲು ಇಳಿಯುವುದು ಬೇಡವೆಂದು. ಕಸ, ಪಾತ್ರೆ, ನೀರಿಗೆ ಹಿಂದಿನ ಓಣಿಯ ಮುದುಕಮ್ಮನನ್ನು ಗೊತ್ತು ಮಾಡಿದೆ. ಗೋದಾ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾಳೆ. ಮೊದಲ ವಾರ ಶಾಲೆಯ ಉತ್ತರಪತ್ರಿಕೆ ತರಿಸಿಕೊಂಡಿದ್ದಳು. ಈಗ ತರಿಸುವುದಿಲ್ಲ.

ಸದ್ದು ಕಡಿಮೆಯಾಗಿದೆ.

೯ ಮಾರ್ಚ್

ಕೆಂಪು ಧೂಳು ಈ ವರ್ಷ ಊರಿನ ಒಳಗೆ ಬಂದಿದೆ. ಕಿಟಕಿಯ ಸರಳಿನ ಮೇಲೆ, ದೇವರ ಮನೆಯ ಹಿತ್ತಾಳೆಯ ಮೇಲೆ, ಅವಳ ಹಾಸಿಗೆಯ ಮಡಿಕೆಯಲ್ಲಿ. ಪ್ಲಾಂಟಿನಲ್ಲಿ ಬೇರಿಂಗುಗಳು ಸಾಯುವುದು ಭಾರದಿಂದಲ್ಲ, ಈ ಧೂಳಿನಿಂದ. ಧೂಳು ತಡೆಯುವ ಸೀಲಿನ ಅಂಚಿನಲ್ಲಿ ಒಂದು ಕಣ ದಾರಿ ಮಾಡಿಕೊಂಡರೆ ಸಾಕು.

ಧೂಳು ಚರ್ಮ ದಾಟಿ ಕೀಲಿಗೆ ಹೋಗುವುದಿಲ್ಲ. ಇದು ನನಗೆ ಗೊತ್ತು. ಆದರೂ ಕೆಲಸಕ್ಕೆ ಹೊರಡುವ ಮೊದಲು ಒದ್ದೆ ಬಟ್ಟೆಯಿಂದ ಅವಳ ಕುರ್ಚಿ ಒರೆಸುತ್ತೇನೆ. ಕಿಟಕಿ ಮುಚ್ಚಿಸಿದ್ದೇನೆ.

"ರಸ್ತಾನರ ಕಾಣ್ತಿತ್ತು," ಎಂದಳು ಗೋದಾ.

೨೨ ಮಾರ್ಚ್

ಸದ್ದಿಲ್ಲ.

೨೩ ಮಾರ್ಚ್

ಸದ್ದಿಲ್ಲ. ಸ್ಕ್ರೂಡ್ರೈವರ್ ಇಟ್ಟು ಕೇಳಿದೆ. ಈಗ ಅವಳಿಗೆ ಕಚಗುಳಿಯಾಗುವುದಿಲ್ಲ. ಬಹಳ ಹೊತ್ತು ಅಲುಗದೆ ಕೂರುತ್ತಾಳೆ, ಕೇಳಲು ಅನುಕೂಲ.

೧೦ ಏಪ್ರಿಲ್

ಯುಗಾದಿ ಮುಗಿಯಿತು. ಹೋಳಿಗೆಯನ್ನು ಹೊರಗಿನಿಂದ ತರಿಸಿದ್ದಾಯಿತು. ಅಭ್ಯಂಜನಕ್ಕೆ ಕುಳಿತವಳು ಏಳಲು ನನ್ನ ಕೈ ಕೇಳಿದಳು. ಕೊಟ್ಟೆ. ಅವಳ ಕೈಯಲ್ಲಿ ಭಾರ ಎಷ್ಟಿತ್ತೆಂದರೆ ನಾನು ಇನ್ನೊಂದು ಕೈಯಿಂದ ಗೋಡೆ ಹಿಡಿಯಬೇಕಾಯಿತು.

ಅವಳ ಮನೆಚಪ್ಪಲಿಗಳನ್ನು ತಿರುಗಿಸಿ ನೋಡಿದೆ. ಎಡಗಾಲಿನದು ಹಿಮ್ಮಡಿಯಲ್ಲಿ ತೆಳ್ಳಗಾಗಿದೆ. ಬಲಗಾಲಿನದು ಅಂಗಡಿಯಿಂದ ತಂದಂತೆಯೇ ಇದೆ. ಅಂದರೆ ಕೀಲಿನ ಮೇಲೆ ಭಾರವೇ ಬೀಳುತ್ತಿಲ್ಲ. ಲೆಕ್ಕ ಸರಿಯಾಗಿದೆ.

ಹುಬ್ಬಳ್ಳಿಯ ಮಾತು ಬಂತು. ಬಿಸಿಲು ಇಳಿಯಲಿ ಎಂದೆ.

೨೫ ಏಪ್ರಿಲ್

ಮೇಷ್ಟ್ರುಗಳಿಗೆಲ್ಲ ಚುನಾವಣೆ ಡ್ಯೂಟಿ ಬಂದಿದೆ. ಗೋದಾಳಿಗೂ ಬಂದಿತ್ತು; ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ತಪ್ಪಿಸಿದೆ. ಪಂಪಮ್ಮನವರಿಗೆ ಎಮ್ಮಿಗನೂರಿನ ಮತಗಟ್ಟೆ ಸಿಕ್ಕಿದೆಯಂತೆ. ಬಾಗಿಲಲ್ಲೇ ನಿಂತು ಹೇಳಿದರು: "ಪುಣ್ಯವಂತಿ ನೀನು ಗೋದಕ್ಕ. ನನಿಗೂ ಒಂದು ಬಂಗಾರದ ಸೊಂಟ ಹಾಕ್ಸಿಬಿಡು, ಮುಂದಿನ ಎಲೆಕ್ಷನ್ನಿಗೆ ಬೇಕಾಗ್ತತಿ."

ಗೋದಾ ನಗಲಿಲ್ಲ. ಪಂಪಮ್ಮ ಸ್ವಲ್ಪ ಹೊತ್ತು ಅವಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಒಳಗೆ ಬಂದು ಕೂರಿ ಎಂದೆ. ಕೂರಲಿಲ್ಲ.

೬ ಮೇ

ಇಂದು ಹೊಸ ಸದ್ದು.

ಹಿಂದಿನದರಂತಲ್ಲ. ಇದು ಟಕ್ ಎನ್ನುತ್ತದೆ. ಬಾಗಿಲ ಅಗುಳಿ ಕೂತಂತೆ. ಅವಳು ಬಚ್ಚಲಿನಿಂದ ಬರುವಾಗ ಒಮ್ಮೆ, ಕುರ್ಚಿ ತಲುಪುವ ಮೊದಲು ಇನ್ನೊಮ್ಮೆ. ಅವಳೂ ನಿಂತಳು.

೭ ಮೇ

ಹಾಗಾದರೆ ಎದ್ದಿದೆ. ಲೇಪದ ಅಂಚು ಎಲ್ಲೋ ಎದ್ದಿದೆ. ಚಿನ್ನದ ಬಣ್ಣದ ಹುರುಪೆ ಪ್ಲಾಸ್ಟಿಕ್ ಬಟ್ಟಲಿನೊಳಗೆ ಇಳಿದಿದೆ, ಅವಳು ಇಡುವ ಒಂದೊಂದು ಹೆಜ್ಜೆಗೂ ಚೆಂಡಿನ ಮೈಯನ್ನು ಗೀರುತ್ತಿದೆ. ಗೀರಿದ ಪುಡಿ ಮಾಂಸಕ್ಕೆ ಹೋಗುತ್ತದೆ. ಮಾಂಸ ಅದನ್ನು ಹೊರಹಾಕಲು ಹೋಗಿ ಮೂಳೆಯನ್ನೇ ತಿನ್ನುತ್ತದೆ. ಇದನ್ನೆಲ್ಲ ಓದಿದ್ದೇನೆ. ಓದಬಾರದಿತ್ತು.

ಮೊದಲ ಆಪರೇಶನ್ನಿನ ದಿನ ಸರ್ಜನ್ ಹೇಳಿದ್ದ ಮಾತೊಂದಿದೆ, ಎರಡನೆಯದು ಮೊದಲನೆಯದರಂತೆ ಇರುವುದಿಲ್ಲ ಎಂದು. ಚೆಂಡನ್ನು ಹೊತ್ತ ಲೋಹದ ಕಾಂಡ ಈಗ ಮೂಳೆಯೊಳಗೆ ಬೇರುಬಿಟ್ಟಿದೆ. ತೆಗೆಯಬೇಕೆಂದರೆ ಮೂಳೆಯನ್ನು ಸೀಳಬೇಕು. ಸೀಳಿದ ಮೇಲೆ ನಡೆದವರಿದ್ದಾರೆ, ನಡೆಯದವರೂ ಇದ್ದಾರೆ.

ಆಫೀಸಿನಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿ "ಹೇಳ್ರಿ" ಎಂದಳು. ಎರಡನೆಯ ಸಲ "ಹೇಳ್ರಿ" ಎಂದಳು. ಇಟ್ಟುಬಿಟ್ಟೆ.

೯ ಮೇ

ಎರಡು ಸಲ. ಒಂದು ಜೋರಾಗಿತ್ತು.

ಅವಳಿಗೆ ಇನ್ನು ಮೇಲೆ ಬಚ್ಚಲಿಗೆ ಹೊರತು ಏಳಬೇಡ ಎಂದು ಹೇಳಿದ್ದೇನೆ.

೧೩ ಮೇ

ಬೆಳಿಗ್ಗೆ ಹೊರಡುವ ಮೊದಲೇ ಎರ್ರಿಯಪ್ಪನ ಫೋನು. ಧೂಳಿಗೆ ನೀರು ಹೊಡೆಯುವ ಪಂಪು ರಾತ್ರಿ ಪಾಳಿಯಲ್ಲಿ ಕೆಟ್ಟಿದೆ. ಪಕ್ಕದಲ್ಲೇ ಇರುವ ಸ್ಟ್ಯಾಂಡ್‌ಬೈ ಪಂಪನ್ನು ಚಾಲೂ ಮಾಡಿದ್ದಾರೆ. ಅದು ಕಿರುಚಿಕೊಂಡು ಅಲ್ಲೇ ಹಿಡಿದು ನಿಂತಿದೆ.

"ಹೊಸಾ ಬೇರಿಂಗ್ ಸಾರ್ ಅದು. ಹಾಕಿದಾಗಿಂದ ಒಂದ್ ದಿನಾ ಓಡಿಲ್ಲ. ಓಡದಿದ್ದದ್ದು ಹೆಂಗ್ ಹಾಳಾಗ್ತೈತಿ ಸಾರ್?"

"ಓಡದಿದ್ದಕ್ಕ ಹಾಳಾಗೇದ!" ಎಂದು ಕೂಗಿದೆ. "ವಾರಕ್ಕೊಮ್ಮೆ ದಂಡ ಕೈಲೆ ತಿರುಗಸ್ರಿ ಅಂತ ಎಷ್ಟು ಸಲ ಹೇಳೀನಿ? ಪಕ್ಕದಾಗ ಕ್ರಷರ್ ನಡಗತಿರ್ತದ, ಇದು ಒಂದ ಕಡೆ ಕೂತಿರ್ತದ. ಕೂತಲ್ಲೇ ಗುಳಿ ಬೀಳ್ತಾವ. ಹೊಸಾದಿದ್ರೇನು?"

"ನಿಂತದ್ದು ಸೇಫ್ ಅಂತ ಮಾಡಿದ್ವಿ ಸಾರ್."

"ಯಾರ್ ಹೇಳಿದ್ರು ನಿಮಗ?"

ಫೋನ್ ಇಟ್ಟಾಗ ಗೋದಾ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದಳು.

"ಯಾವುದ್ರೀ ಅದು ಹಾಳಾದದ್ದು?"

ವಿವರಿಸಿದೆ. ಇಷ್ಟು ವರ್ಷದಲ್ಲಿ ಅವಳು ಪ್ಲಾಂಟಿನ ಯಂತ್ರದ ಬಗ್ಗೆ ಕೇಳಿದ್ದು ಕಡಿಮೆ. ಬೇರಿಂಗಿನೊಳಗಿನ ಉರುಳೆಗಳು ಒಂದೇ ಜಾಗದಲ್ಲಿ ಕುಳಿತಾಗ ಅವುಗಳ ಕೆಳಗಿನ ಎಣ್ಣೆಯ ಪೊರೆ ಹೇಗೆ ಜಾರಿಹೋಗುತ್ತದೆ, ಲೋಹ ಲೋಹಕ್ಕೆ ತಾಗಿ ಸಣ್ಣ ಸಣ್ಣ ಅಲುಗಾಟದಲ್ಲೇ ಹೇಗೆ ಗುರುತು ಬೀಳುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ.

"ಕೈಲೆ ತಿರುಗಿಸಿದ್ರ ಸಾಕೇನು?"

"ಸಾಕು. ಓಡಿಸಿದ್ರ ಇನ್ನೂ ಛಲೋ. ಓಡಿದ್ರ ಎಣ್ಣಿ ಎಲ್ಲಾ ಕಡೆ ಹರೀತದ."

"ಹೌದಾ," ಎಂದಳು.

ಅವಳಿಗೆ ಇಂಥದರಲ್ಲಿ ಆಸಕ್ತಿ ಬಂದಿರುವುದು ಒಳ್ಳೆಯದು. ಹೊತ್ತು ಹೋಗುತ್ತದೆ. ಇನ್ನೊಂದು ದಿನ ಗ್ರೀಸಿನ ಬಗ್ಗೆ ಹೇಳಬೇಕು.

೧೯ ಮೇ

ನಿಧಾನವಾಗಿ ಬರೆಯಬೇಕು.

ಹನ್ನೊಂದರ ಹೊತ್ತಿಗೆ ಪ್ಲಾಂಟಿನಿಂದ ಮನೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಬಚ್ಚಲಲ್ಲಿರಬಹುದು ಎಂದುಕೊಂಡು ಸ್ವಲ್ಪ ಬಿಟ್ಟು ಮತ್ತೆ ಮಾಡಿದೆ. ಮೊಬೈಲಿಗೆ ಮಾಡಿದೆ. ಅದೂ ಹೊಡೆದುಕೊಂಡು ನಿಂತಿತು. ಜೀಪು ತೆಗೆದುಕೊಂಡು ಹೊರಟೆ. ಪ್ಲಾಂಟಿನಿಂದ ಊರಿಗೆ ಇಳಿಯುವ ಘಟ್ಟದಲ್ಲಿ ಲಾರಿಗಳ ಸಾಲು; ಒಂದರ ಬಾಲಕ್ಕೆ ಇನ್ನೊಂದರ ಮೂತಿ. ಮನಸ್ಸಿನಲ್ಲಿ ಬಚ್ಚಲಿನ ನೆಲವನ್ನು ನೋಡುತ್ತಿದ್ದೆ, ರಸ್ತೆಯನ್ನಲ್ಲ. ಒದ್ದೆ ನೆಲ, ಅವಳು ಬಿದ್ದ ಭಂಗಿ, ಬಲಗಾಲು ಒಳಗೆ ತಿರುಗಿರುವ ರೀತಿ. ಕೀಲು ತಪ್ಪಿದರೆ ಕಾಲು ಯಾವ ಕಡೆ ತಿರುಗುತ್ತದೆ ಎಂಬುದನ್ನೂ ಓದಿದ್ದೇನೆ.

ಮನೆಗೆ ಬೀಗ ಹಾಕಿತ್ತು. ಹೊರಗಿನಿಂದ.

ನನ್ನ ಬೀಗದಕೈಯಿಂದ ತೆಗೆದೆ. ಕುರ್ಚಿ ಖಾಲಿ. ಮೊಬೈಲು ಅದರ ಮೇಲಿತ್ತು. ಕಿಟಕಿ ತೆರೆದಿತ್ತು. ಬಚ್ಚಲು ಒಣಗಿತ್ತು. ಹಿಂದಿನ ಓಣಿಗೆ ಓಡಿದೆ. ಮುದುಕಮ್ಮ ಬಾಗಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಅಮ್ಮಾರಾ? ಮುಂಜಾನೆ ನೀವು ಆ ಕಡಿ ಹೋದ್ರಿ, ಈ ಕಡಿ ಪಂಪಮ್ಮ ಟೀಚರ್ರು ಆಟೋ ತಂದ್ರು. ಟೇಸನ್ನಿಗೆ ಹೋದ್ರು. ನಿಮಗ ಹೇಳಿಲ್ಲೇನು?"

"ಎಲ್ಲಿಗೆ?"

"ಹುಬ್ಬಳ್ಳಿಗೆ ಅಂದಂಗಿತ್ತಪ್ಪ. ಕುಂದ್ರಿ ಸಾಮಿ, ನೀರ್ ಕುಡೀರಿ. ಮುಖ ಹಂಗ್ಯಾಕಾಗೇತಿ?"

ಕೂರಲಿಲ್ಲ. ಮನೆಗೆ ಬಂದು ಅವಳ ಕುರ್ಚಿಯಲ್ಲಿ ಕುಳಿತೆ. ಸ್ಟೇಷನ್ನಿನ ಮೆಟ್ಟಿಲು, ರೈಲಿನ ಎತ್ತರದ ಪಾವಟಿಗೆ, ಜನರ ನೂಕು. ಆ ಟಕ್. ಆ ಟಕ್ ಅನ್ನು ಯಾರೋ ಹೊರಗಿನವರು ಕೇಳುವುದು. ಹೊತ್ತು ಇಳಿಯುವವರೆಗೆ ಹಾಗೇ ಕುಳಿತಿದ್ದೆ. ಎದ್ದಾಗ ಕಾಲು ಜೋಮು ಹಿಡಿದಿತ್ತು.

ದೀಪ ಹಚ್ಚುವ ಹೊತ್ತಿಗೆ ಬಂದರು. ಆಟೋದಿಂದ ಗೋದಾ ತಾನೇ ಇಳಿದಳು, ಪಂಪಮ್ಮನ ಭುಜ ಹಿಡಿದುಕೊಂಡು. ಇಬ್ಬರ ಬಾಯಲ್ಲೂ ಧಾರವಾಡ ಪೇಢೆ ಇತ್ತು.

"ಬೈಯಾದಿದ್ರ ನನಿಗೆ ಬೈರಿ ರಾಯರ," ಎಂದರು ಪಂಪಮ್ಮ. "ಟಿಕೀಟ್ ನಾನ ತಗಸಿದ್ದು. ಆದ್ರ ನಾಳೆ ಬೈರಿ. ಇವತ್ತು ನನ್ ಕಾಲೂ ಬಿದ್ದೋಗ್ಯಾವು." ಆಟೋ ತಿರುಗಿಸಿಕೊಂಡು ಹೋದರು.

ಗೋದಾ ನಿಂತೇ ಮಾತಾಡಿದಳು.

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ಅದಕ್ಕ ಹೇಳಲಿಲ್ಲ."

ನಾನು ಕುರ್ಚಿಯನ್ನು ಅವಳ ಹತ್ತಿರ ಎಳೆದೆ. ಅವಳು ಕೂರಲಿಲ್ಲ. ಸರ್ಜನ್ ಹೇಳಿದ್ದನ್ನು ತಾನೇ ಹೇಳಿದಳು. ನಾಳೆ ಬರೆಯುತ್ತೇನೆ.

೨೦ ಮೇ

ಸರ್ಜನ್ ಹೇಳಿದ್ದು:

ಹಳೆಯ ಫಿಲ್ಮಿಗೆ ಹೋಲಿಸಿದರೆ ಚೆಂಡು ಬಟ್ಟಲಿನ ನಡುವಿನಿಂದ ಎಳೆಯಷ್ಟು ಸರಿದಿದೆ. ಅಂದರೆ ಬಟ್ಟಲು ಸವೆಯುತ್ತಿದೆ. ಮೂರು ವರ್ಷಕ್ಕೆ ಇಷ್ಟು ಸವೆತ ಇರುವುದೇ. ಲೇಪದ ಬಗ್ಗೆ ಏನೂ ಹೇಳಲಾಗುವುದಿಲ್ಲ. ಮೊದಲು ಬಂದ ಸದ್ದು ಯಾವುದೆಂದೂ ಹೇಳಲಾಗುವುದಿಲ್ಲ. ಮೂಳೆಯ ಮೇಲೆ ಸ್ನಾಯು ಜಾರಿದ್ದಿರಬಹುದು. ಈಗಿನ ಟಕ್ ಬೇರೆ. ಬಲತೊಡೆಯ ಮಾಂಸ ಕರಗಿದೆ, ಎಡದ್ದಕ್ಕಿಂತ ಬಹಳ ತೆಳುವಾಗಿದೆ. ಚೆಂಡನ್ನು ಬಟ್ಟಲಿನಲ್ಲಿ ಬಿಗಿಯಾಗಿ ಹಿಡಿಯುವುದು ಆ ಮಾಂಸವೇ. ಅದು ಸಡಿಲಾದ್ದರಿಂದ ಕಾಲು ಎತ್ತಿದಾಗ ಚೆಂಡು ಎಳೆಯಷ್ಟು ಎದ್ದು, ಊರಿದಾಗ ಅಂಚಿಗೆ ಬಡಿದು ಕೂರುತ್ತದೆ. ಹೀಗೇ ಬಿಟ್ಟರೆ ಬಟ್ಟಲಿನ ಅಂಚು ಬೇಗ ಹೋಗುತ್ತದೆ.

"ಎಷ್ಟು ತಿಂಗಳಿಂದ ಹಾಸಿಗಿ ಹಿಡಿದೀರಿ ಅಂತ ಕೇಳಿದ್ರು," ಎಂದಳು. "ಹಾಸಿಗಿ ಹಿಡಿದಿಲ್ಲ, ಕುರ್ಚಿ ಹಿಡಿದೀನಿ ಅಂದೆ. ಯಾರ್ ಹೇಳಿದ್ರು ಅಂದ್ರು."

"ಏನಂದಿ?"

"ನಮ್ಮ ಮನ್ಯಾಗ ಒಬ್ಬರು ಎಂಜಿನಿಯರ್ ಇದ್ದಾರ ಅಂದೆ."

ಲೇಪ ನೋಡಲು ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದೆ.

"ತೆಗೆದು ನೋಡಿದ್ರ ಗೊತ್ತಾಗ್ತದಂತ. ತೆಗೀರಿ ಅನ್ನಲೇನು?"

"ಎಷ್ಟು ವರ್ಷ ಬರಬಹುದಂತ?"

"ಬಂದಷ್ಟು." ಅವಳು ಕಾಲಿಗೆ ಕಟ್ಟುವ ಮರಳಿನ ಚೀಲವನ್ನು ಹೊಲಿಯುತ್ತಿದ್ದಳು, ಅವರೇ ಹೇಳಿಕೊಟ್ಟ ವ್ಯಾಯಾಮಕ್ಕೆ. ದಾರವನ್ನು ಹಲ್ಲಿನಿಂದ ಕಡಿದಳು. "ಸವೀಲಿ ಬಿಡ್ರಿ. ಸವಿಯೂದಕ್ಕ ಹಾಕ್ಯಾರಲ್ಲ ಅದನ್ನ."

ಅದು ಹಾಗಲ್ಲ ಎಂದು ವಿವರಿಸಬಹುದಿತ್ತು. ಲೇಪ ಸವೆಯುವುದಿಲ್ಲ, ಏಳುತ್ತದೆ. ವಿವರಿಸಲಿಲ್ಲ.

೨೪ ಮೇ

ದಿನಾ ಬೆಳಿಗ್ಗೆ ಕಾಲುವೆಯ ಏರಿಯವರೆಗೆ ನಡೆಯುತ್ತಾಳೆ. ನಾನು ಸ್ವಲ್ಪ ಹಿಂದೆ ಇರುತ್ತೇನೆ. ಸದ್ದು ಇದೆ. ಮೊದಲೆರಡು ದಿನ ಹೆಜ್ಜೆಗೊಮ್ಮೆ ಬರುತ್ತಿತ್ತು, ನನ್ನ ಹಲ್ಲಿಗೆ ತಾಗುತ್ತಿತ್ತು. ಇಂದು ತಿರುವಿನವರೆಗೆ ಬರಲಿಲ್ಲ. ಬರದಿದ್ದಾಗ ಮುಂದಿನದು ಯಾವಾಗ ಎಂದು ಕಾಯುವುದು ಇನ್ನೂ ಕಷ್ಟ.

ಎದುರಿಗೆ ಬಂದವರೆಲ್ಲರ ಜೊತೆ ನಿಂತು ಮಾತಾಡುತ್ತಾಳೆ. ಇಷ್ಟು ಜನ ಅವಳಿಗೆ ಗೊತ್ತೆಂದು ನನಗೆ ತಿಳಿದಿರಲಿಲ್ಲ.

೨ ಜೂನ್

ಶಾಲೆ ಶುರುವಾಯಿತು. ಹೋದಳು.

ಜೀಪಿನಲ್ಲಿ ಬಿಡುತ್ತೇನೆ ಎಂದೆ. "ನಿಮ್ಮ ಪ್ಲಾಂಟು ಆ ದಿಕ್ಕು, ನಮ್ಮ ಸಾಲಿ ಈ ದಿಕ್ಕು," ಎಂದಳು. ಕಂಡಕ್ಟರ್ ಅವಳಿಗಾಗಿ ಬಸ್ಸನ್ನು ಕಟ್ಟೆಯ ಪಕ್ಕ ನಿಲ್ಲಿಸುತ್ತಾನಂತೆ. ಅವನು ಅವಳ ಹಳೆಯ ವಿದ್ಯಾರ್ಥಿ.

ಮನೆ ಬಹಳ ಸದ್ದು ಮಾಡುತ್ತದೆ. ಫ್ರಿಜ್ಜು, ನಲ್ಲಿ, ಫ್ಯಾನಿನ ಸವೆದ ಬುಷ್.

೧೦ ಜೂನ್

ಇಂದು ಬಸ್ಸಿನ ಹಿಂದೆ ಹೋದೆ. ಅವಳಿಗೆ ಹೇಳಿರಲಿಲ್ಲ. ಅವಳು ಬಸ್ಸು ಇಳಿಯುವುದನ್ನು ಒಮ್ಮೆ ನೋಡಬೇಕಿತ್ತು. ಇಳಿಯುವಾಗಲೇ ಕೀಲಿನ ಮೇಲೆ ಭಾರ ಹೆಚ್ಚು.

ಪಾಪಿನಾಯಕನಹಳ್ಳಿಯಲ್ಲಿ ಬಸ್ಸು ನಿಂತಿತು. ಹಿಂದೆ ದೂರದಲ್ಲಿ, ಟೈರ್ ಪಂಕ್ಚರ್ ಅಂಗಡಿಯ ನೆರಳಿನಲ್ಲಿ ಜೀಪು ನಿಲ್ಲಿಸಿದೆ. ಸರಿಯಾಗಿ ಇಳಿದಳು, ಮೊದಲು ಬಲಗಾಲು, ಆಮೇಲೆ ಎಡಗಾಲು. ಕಲಿಸಿದ ಹಾಗೆಯೇ. ಬಸ್ಸು ಹೋಯಿತು.

ಶಾಲೆ ಆಚೆ ಕಡೆ ಇದೆ. ಇದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಡುವೆ ಬಳ್ಳಾರಿ ರಸ್ತೆ. ಎರಡೂ ಕಡೆಯಿಂದ ಅದಿರಿನ ಲಾರಿಗಳು, ತಾಡಪತ್ರಿ ಹಾರಿಸಿಕೊಂಡು, ಒಂದಕ್ಕೊಂದು ಜಾಗ ಕೊಡದೆ. ಗೋದಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಚಿನಲ್ಲಿ ನಿಂತಳು. ಪಕ್ಕದಲ್ಲಿ ನಾಲ್ಕೈದು ಹುಡುಗಿಯರು. ಅವಳು ಒಂದು ಹೆಜ್ಜೆ ಇಟ್ಟಳು, ಹಿಂದೆ ಬಂದಳು. ಮತ್ತೆ ಇಟ್ಟಳು. ಆಮೇಲೆ ಎರಡು ಲಾರಿಗಳು ಒಟ್ಟಿಗೇ ಬಂದವು, ಕೆಂಪು ಧೂಳೆದ್ದು ಏನೂ ಕಾಣಲಿಲ್ಲ.

ಧೂಳು ಇಳಿದಾಗ ಆಚೆ ಕಡೆ ಇದ್ದಳು. ಒಬ್ಬ ಹುಡುಗಿಯ ಜಡೆ ಹಿಡಿದು ಏನೋ ಬೈಯುತ್ತಿದ್ದಳು. ಓಡಿ ದಾಟಿದ್ದಾಳೆ. ಬೇರೆ ರೀತಿಯಲ್ಲಿ ಸಾಧ್ಯವಿಲ್ಲ. ಆ ಕೀಲಿನ ಮೇಲೆ ಓಡಿದ್ದಾಳೆ.

ಪಂಕ್ಚರ್ ಅಂಗಡಿಯವನು ಬಂದು ಕಿಟಕಿ ತಟ್ಟಿದ. "ಗಾಳಿ ಬೇಕೇನ್ ಸಾರ್?"

ಬೇಡ ಎಂದೆ. ದಿನವೂ ಹೀಗೆಯೇ ದಾಟುತ್ತಿದ್ದಳು ಎಂಬುದು ಆಗ ಹೊಳೆಯಿತು. ಆಪರೇಶನ್ನಿಗೆ ಮೊದಲಿನಿಂದಲೂ, ವರ್ಷಗಟ್ಟಲೆ.

ಸಂಜೆ ಊಟಕ್ಕೆ ಬಡಿಸುತ್ತಾ ಹೇಳಿದಳು: "ಮುಂಜಾನೆ ನಿಮ್ಮ ಜೀಪು ಕಂಡಿತ್ತು."

ನಾನು ಅನ್ನ ಕಲಸುತ್ತಿದ್ದೆ.

"ದಾಟಿಸ್ಲಿಕ್ಕೆ ಇಳೀತೀರೇನೋ ಅಂತ ಸ್ವಲ್ಪ ಹೊತ್ತು ನಿಂತೆ," ಎಂದಳು. "ಸಾರು ಹಾಕಲಾ?"

೧೧ ಜೂನ್

ಬಸ್ಸಿನಲ್ಲಿ ಹೋದೆ, ಅವಳ ಜೊತೆ. ಕೂರಲು ಒಂದೇ ಜಾಗ ಸಿಕ್ಕಿತು. ನಾನು ಕಂಬಿ ಹಿಡಿದು ನಿಂತೆ. ಕಂಡಕ್ಟರ್ ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. "ಟೀಚರ್ ಮನಿಯವರು," ಎಂದು ಡ್ರೈವರಿಗೆ ಕೂಗಿ ಹೇಳಿದ.

ಇಳಿದ ಮೇಲೆ ರಸ್ತೆಯ ಅಂಚಿನಲ್ಲಿ ನಿಂತೆವು. ದಾಟಿಸಲು ಅವಳ ಕೈ ಹಿಡಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಹೊರಟೆವು. ರಸ್ತೆಯ ನಡುವೆ ಬಂದಾಗ ಸಂಡೂರಿನ ಕಡೆಗೆ ಹೋಗುವ ಖಾಲಿ ಲಾರಿಯೊಂದು ಇನ್ನೊಂದನ್ನು ಹಿಂದೆ ಹಾಕಿ ನಮ್ಮ ಎದುರಿಗೇ ಬಂತು. ನಾನು ನಿಂತುಬಿಟ್ಟೆ. ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.

"ನಡು ರಸ್ತ್ಯಾಗ ಏನ್ ನಿಲ್ತೀರಿ, ನಡೀರಿ!" ಎಂದಳು ಗೋದಾ. ಮುಂಗೈ ಹಿಡಿದು ಎಳೆದಳು. ಅವಳ ಎಳೆತಕ್ಕೆ ನನ್ನ ಚಪ್ಪಲಿಯೊಂದು ಅಲ್ಲೇ ಉಳಿಯಿತು. ಓಡಿದೆವು.

ಆಚೆ ಕಡೆ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಗೋದಾ ಏದುಸಿರು ಬಿಡುತ್ತಾ ನಗುತ್ತಿದ್ದಳು. ನಾನು ಒಂದು ಕಾಲಲ್ಲಿ ಚಪ್ಪಲಿ ಇಲ್ಲದೆ ಶಾಲೆಯ ಗೇಟಿನವರೆಗೆ ಹೋದೆ. ಅಷ್ಟು ದೂರವೂ ಕೈ ಬಿಟ್ಟಿರಲಿಲ್ಲ. ಹಿಡಿದುಕೊಂಡವರು ನಾನೋ ಅವಳೋ ತಿಳಿಯಲಿಲ್ಲ.

ಪ್ಲಾಂಟಿಗೆ ಬಹಳ ತಡವಾಗಿ ಹೋದೆ. ಕೀಲು ಸದ್ದು ಮಾಡಿತೇ ಎಂದು ಈಗ ಬರೆಯಬೇಕೆಂದರೆ, ಅದಕ್ಕೆ ಕಿವಿಗೊಡಲು ನನಗೆ ನೆನಪೇ ಆಗಲಿಲ್ಲ.